ಗೋಡೆಯ ಮೇಲೆ ಎರಡು ನವೆಂಬರ್ ಒಂದು

ನಮ್ಮ ಮನೆಯ ಚಾವಡಿಯಲ್ಲಿ ಎರಡು ಕ್ಯಾಲೆಂಡರ್ ತೂಗುತ್ತವೆ. ಒಂದು ಮಂಗಳೂರಿನಲ್ಲಿ ಅಚ್ಚಾದ ಕನ್ನಡ ಕ್ಯಾಲೆಂಡರ್. ಇನ್ನೊಂದು ಕಾಸರಗೋಡು ಪೇಟೆಯ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಮಲಯಾಳ ಕ್ಯಾಲೆಂಡರ್. ಮೊದಲನೆಯದು ಹಬ್ಬ, ಏಕಾದಶಿ, ಸಂಕ್ರಮಣ ನೋಡುವುದಕ್ಕೆ. ಎರಡನೆಯದು ಶಾಲೆ, ಬ್ಯಾಂಕು, ಪಂಚಾಯತ್ ಆಫೀಸಿನ ರಜೆ ನೋಡುವುದಕ್ಕೆ. ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ಹೀಗೆ ಎರಡೆರಡು ಕ್ಯಾಲೆಂಡರ್ ಇರುವುದು ಹೊಸತೇನಲ್ಲ.

ನವೆಂಬರ್ ಹಾಳೆ ತಿರುವಿದಾಗ ಮಾತ್ರ ನನ್ನ ಕಣ್ಣು ಪ್ರತಿ ವರ್ಷ ಅಲ್ಲೇ ನಿಲ್ಲುತ್ತದೆ. ಕನ್ನಡ ಕ್ಯಾಲೆಂಡರಿನಲ್ಲಿ 1ನೇ ತಾರೀಖು ಕೆಂಪು. ಕನ್ನಡ ರಾಜ್ಯೋತ್ಸವ, ರಜೆ. ಮಲಯಾಳ ಕ್ಯಾಲೆಂಡರಿನಲ್ಲಿ ಅದೇ 1ನೇ ತಾರೀಖು ಕಪ್ಪು. ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಆದರೆ ರಜೆ ಇಲ್ಲ. ಎರಡು ಚೌಕಗಳ ನಡುವೆ ಒಂದು ಮೊಳ ಜಾಗ.

ಕೆಲವು ವರ್ಷಗಳ ಹಿಂದೆ ಒಂದು ದಾಖಲೆಯ ಕೆಲಸಕ್ಕೆ ನವೆಂಬರ್ 1ರಂದೇ ಮಂಗಳೂರಿಗೆ ಬಸ್ ಹತ್ತಿದ್ದೆ. ಕುಂಬಳೆ, ಉಪ್ಪಳ, ಹೊಸಂಗಡಿಯಲ್ಲಿ ಮಕ್ಕಳು ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಿದ್ದರು. ಕೆಲವು ಟೀಚರುಗಳು ಜರಿಯಂಚಿನ ಕೇರಳ ಸೀರೆ ಉಟ್ಟಿದ್ದರು. ಗಡಿಯ ತಲಪಾಡಿ ದಾಟಿದ್ದೇ ತಡ, ರಸ್ತೆ ಬದಿಯಲ್ಲಿ ಹಳದಿ-ಕೆಂಪು ಬಾವುಟ, ಮೈಕಿನಲ್ಲಿ ನಾಡಗೀತೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ನನ್ನ ಕೈಯಲ್ಲಿದ್ದ ಕಾಗದದ ಕಟ್ಟು ನೋಡಿ, "ಇವತ್ತು ಅಲ್ಲಿ ಯಾವ ಆಫೀಸೂ ತೆರೆದಿರುವುದಿಲ್ಲ ಮಗಾ, ರಜೆ ಅಲ್ವಾ?" ಎಂದರು. ಆಮೇಲೆ ತುಸು ಹೊತ್ತು ಸುಮ್ಮನಿದ್ದು, "ನಮಗೆ ಮಾತ್ರ ಯಾವುದು ಅಂತ ಗೊತ್ತಾಗುವುದಿಲ್ಲ. ಒಂದೇ ದಿನ ಎರಡೂ ಬಂದುಬಿಟ್ಟವು" ಎಂದರು.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಒಂದೇ ತಾರೀಖಿನಲ್ಲಿ ಎರಡು ಸಂಗತಿ ಬರುವುದು ಅಂದರೆ ಏನು? ಕಾಕತಾಳೀಯವೇ? ಯಾರಾದರೂ ಬೇಕೆಂದೇ ಆ ದಿನ ಆರಿಸಿದರೇ? ಅಥವಾ ಎರಡು ಎಂದು ನಮಗೆ ಕಾಣುವುದು ನಿಜಕ್ಕೂ ಒಂದೇ ಸಂಗತಿಯೇ? ಪತ್ರಿಕೆಗಳಲ್ಲಿ "ಇತಿಹಾಸದಲ್ಲಿ ಈ ದಿನ" ಅಂತ ಒಂದು ಪುಟ್ಟ ಅಂಕಣ ಬರುತ್ತದಲ್ಲ, ಅದರಲ್ಲಿ ಎಲ್ಲವನ್ನೂ ಒಂದರ ಕೆಳಗೊಂದು ಸಾಲಾಗಿ ಇಟ್ಟಿರುತ್ತಾರೆ. ಓದಲು ಚೆಂದ. ಆದರೆ ಆ ಸಾಲುಗಳು ಆ ದಿನಕ್ಕೆ ಬಂದ ದಾರಿಗಳು ಬೇರೆ ಬೇರೆ. ನವೆಂಬರ್ ಒಂದನ್ನೇ ಬಿಡಿಸಿ ನೋಡೋಣ. ಕಾಸರಗೋಡಿನವರಿಗೆ ಇದಕ್ಕಿಂತ ಹತ್ತಿರದ ತಾರೀಖು ಇನ್ನೊಂದಿಲ್ಲ.

ಮೊದಲು 1956. ಸ್ವಾತಂತ್ರ್ಯ ಬಂದು ಸಣ್ಣ ಸಂಸ್ಥಾನಗಳು ವಿಲೀನವಾದ ಮೇಲೂ ಕನ್ನಡ ಮಾತನಾಡುವ ಜನ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು. ನಾವು ಮದ್ರಾಸಿನವರು. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯ ಕೈಗೆ ಹೋದ ನಾಡು ಇದು. ಜಿಲ್ಲಾಧಿಕಾರಿ ಮಂಗಳೂರಿನಲ್ಲಿ. ರಾಜಧಾನಿ ಮದ್ರಾಸಿನಲ್ಲಿ.

ಭಾಷೆಯ ಪ್ರಕಾರ ರಾಜ್ಯ ಮಾಡಬೇಕೆಂಬ ಒತ್ತಾಯ ಜೋರಾಗಿ, 1953ರ ಕೊನೆಗೆ ಫಜಲ್ ಅಲಿ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾಯಿತು. ಎಚ್.ಎನ್. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರು. 1955ರ ಸೆಪ್ಟೆಂಬರ್ 30ಕ್ಕೆ ವರದಿ ಬಂತು. ಕಾಸರಗೋಡು ತಾಲೂಕು ಕೇರಳಕ್ಕೆ ಎಂದು ಅದರಲ್ಲಿತ್ತು. ಇಡೀ ತಾಲೂಕಿನ ಲೆಕ್ಕ ಹಿಡಿದರೆ ಮಲಯಾಳ ಮಾತನಾಡುವವರೇ ಜಾಸ್ತಿ. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕನ್ನಡ, ತುಳು ಜಾಸ್ತಿ ಎಂಬುದು ನಮ್ಮವರ ವಾದ. ತಾಲೂಕನ್ನು ಒಂದೇ ತುಂಡಾಗಿ ತೆಗೆದುಕೊಂಡಾಗ ಆ ವಾದ ಮುಳುಗಿಹೋಯಿತು.

ಆಮೇಲೆ ಸಂಸತ್ತು ಕಾಯ್ದೆ ಮಾಡಿತು. 1956ರ 37ನೇ ಕಾಯ್ದೆ, ರಾಜ್ಯ ಪುನರ್ವಿಂಗಡಣಾ ಕಾಯ್ದೆ. ಆಗಸ್ಟ್ 31ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನನಗೆ ಈ ಕಾಯ್ದೆಯಲ್ಲಿ ಮುಖ್ಯ ಅನಿಸುವುದು ಅದರ ಆರಂಭದಲ್ಲೇ ಇರುವ ಒಂದು ಸಣ್ಣ ಸಾಲು. "ನಿಗದಿತ ದಿನ" ಎಂದರೆ 1956ರ ನವೆಂಬರ್ 1 ಎಂದು ಅಲ್ಲಿ ಅರ್ಥ ಕೊಟ್ಟಿದ್ದಾರೆ. ಮುಂದೆ ಒಂದೊಂದು ರಾಜ್ಯ ಕಟ್ಟುವ ಸೆಕ್ಷನ್ನೂ "ನಿಗದಿತ ದಿನದಿಂದ" ಎನ್ನುವ ಮಾತಿನೊಂದಿಗೇ ಶುರು.

5ನೇ ಸೆಕ್ಷನ್ ಕೇರಳವನ್ನು ಕಟ್ಟುತ್ತದೆ. ತಿರುವಾಂಕೂರು-ಕೊಚ್ಚಿ, ಮಲಬಾರ್, ಜೊತೆಗೆ "ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು". 7ನೇ ಸೆಕ್ಷನ್ ಹೊಸ ಮೈಸೂರನ್ನು ಕಟ್ಟುತ್ತದೆ. ಅಲ್ಲಿ ದಕ್ಷಿಣ ಕನ್ನಡ ಜಿಲ್ಲೆಯನ್ನು ಸೇರಿಸಿ, "ಕಾಸರಗೋಡು ತಾಲೂಕು ಮತ್ತು ಅಮೀನ್‌ದಿವಿ ದ್ವೀಪಗಳನ್ನು ಬಿಟ್ಟು" ಎಂದಿದೆ. ನಡುವಿನ 6ನೇ ಸೆಕ್ಷನ್ ಆ ದ್ವೀಪಗಳನ್ನು ಲಕ್ಕದೀವ್, ಮಿನಿಕಾಯ್ ಜೊತೆ ಸೇರಿಸಿ ಕೇಂದ್ರಾಡಳಿತ ಪ್ರದೇಶ ಮಾಡುತ್ತದೆ. ಅರಬ್ಬೀ ಸಮುದ್ರದ ನಡುವಿನ ಅಮೀನಿ, ಕಡಮತ್, ಕಿಲ್ತಾನ್ ದ್ವೀಪಗಳು ಅಲ್ಲಿಯವರೆಗೆ ಮಂಗಳೂರಿನ ಜಿಲ್ಲಾಧಿಕಾರಿಯ ಕೈಕೆಳಗೆ ಇದ್ದವು ಎಂಬುದು ಇಂದು ಎಷ್ಟು ಜನಕ್ಕೆ ನೆನಪಿದೆಯೋ.

ಬಸ್ಸಿನ ಹಿರಿಯರಿಗೆ ಅವತ್ತು ನಾನು ಹೇಳಬೇಕಾಗಿದ್ದ ಉತ್ತರ ಇದು. ರಾಜ್ಯೋತ್ಸವ ಮತ್ತು ಕೇರಳಪ್ಪಿರವಿ ಒಂದೇ ದಿನಕ್ಕೆ ಬಂದ ಎರಡು ಸಂಗತಿಗಳಲ್ಲ. ಅದು ಒಂದೇ ಸಂಗತಿ. ಒಂದೇ ಕಾಯ್ದೆ, ಒಂದೇ ಅಂಕಿತ, ಒಂದೇ ನಿಗದಿತ ದಿನ. ಒಂದು ಸೆಕ್ಷನ್‌ನಲ್ಲಿ "ಸೇರಿಸಿ" ಎಂದು ಬರೆದದ್ದೇ ಇನ್ನೊಂದರಲ್ಲಿ "ಬಿಟ್ಟು" ಆಯಿತು. ತಲಪಾಡಿಯ ಆಚೆ ನಿಂತವರಿಗೆ ಅದು ಏಕೀಕರಣ. ನಮಗೆ ಅದು ಮಂಗಳೂರಿನ ಕೈ ಬಿಟ್ಟುಹೋದ ದಿನ. ಬೆಳಗಾವಿಯ ಕೆಲವು ಮರಾಠಿ ಸಂಘಟನೆಗಳು ಅದೇ ದಿನವನ್ನು ಕರಾಳ ದಿನ ಎಂದು ಆಚರಿಸುತ್ತವೆ. ಅವರ ನೋವಿಗೂ ನಮ್ಮ ನೋವಿಗೂ ಮೂಲ ಒಂದೇ ಕಾಗದ. ಗಡಿಯ ಬೇರೆ ಬೇರೆ ಕಡೆ ನಿಂತು ಓದುತ್ತೇವೆ, ಅಷ್ಟೆ.

ಆ ದಿನ ದೇಶಕ್ಕೇ ಹೊಸ ನಕ್ಷೆ ಬಂತು. 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ. ಕನ್ಯಾಕುಮಾರಿಯ ಕಡೆಯ ತಾಲೂಕುಗಳು ಮದ್ರಾಸಿಗೆ ಸೇರಿದವು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು. ಹತ್ತಿರದ ತಾಳವಾಡಿ ಅಲ್ಲೇ ಉಳಿಯಿತು. ಜತ್ತ, ಅಕ್ಕಲಕೋಟೆಯ ಕನ್ನಡಿಗರು ಮುಂಬಯಿ ರಾಜ್ಯದಲ್ಲೇ ಉಳಿದರು. 1960ರ ಮೇ 1ಕ್ಕೆ ಆ ರಾಜ್ಯ ಒಡೆದಾಗ ಮಹಾರಾಷ್ಟ್ರದವರಾದರು. ಅಲ್ಲಿನ ಮಕ್ಕಳಿಗೆ ರಾಜ್ಯದ ದಿನ ಎಂದರೆ ಮೇ ಒಂದು. ರಾಯದುರ್ಗ, ಆದೋನಿ ಕಡೆಯವರ ಗೆರೆ ಇನ್ನೂ ಮೊದಲೇ ಬಿದ್ದಿತ್ತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆ ಹೋಳಾದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಉಳಿದ ತಾಲೂಕುಗಳು ಮೈಸೂರಿಗೆ ಬಂದವು. ಗಡಿನಾಡಿನ ಕನ್ನಡಿಗರೆಂದು ನಮ್ಮನ್ನೆಲ್ಲ ಒಂದೇ ಉಸಿರಿಗೆ ಕರೆಯುತ್ತಾರೆ. ಆದರೆ ನಮ್ಮ ನಮ್ಮ ಗೆರೆ ಬಿದ್ದ ತಾರೀಖುಗಳು ಬೇರೆ ಬೇರೆ.

ಗಮನಿಸಿ, ಅಕ್ಟೋಬರ್ 1, ನವೆಂಬರ್ 1, ಮೇ 1. ಎಲ್ಲ ಒಂದನೇ ತಾರೀಖು. 1963ರ ಡಿಸೆಂಬರ್ 1ಕ್ಕೆ ನಾಗಾಲ್ಯಾಂಡ್. ಒಂದು ತಾಲೂಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಾಗ ಸಂಬಳ, ಖಜಾನೆ, ಲೆಕ್ಕಪತ್ರ ಎಲ್ಲ ಹೋಗಬೇಕಲ್ಲ. ತಿಂಗಳ ನಡುವೆ ಕತ್ತರಿಸಿದರೆ ಅರ್ಧ ಸಂಬಳ ಅಲ್ಲಿ, ಅರ್ಧ ಇಲ್ಲಿ. ಲೆಕ್ಕ ತಿಂಗಳಿಗೆ ಮುಗಿಯುವುದರಿಂದ ಒಂದನೇ ತಾರೀಖು ಅನುಕೂಲ. ಹೀಗಾಗಿ ಆಡಳಿತದ ದೊಡ್ಡ ಘಟನೆಗಳು ವರ್ಷದ 365 ದಿನಗಳ ಮೇಲೆ ಸಮನಾಗಿ ಹರಡುವುದಿಲ್ಲ. ಒಂದನೇ ತಾರೀಖುಗಳ ಮೇಲೆ ಹೆಚ್ಚು ಬೀಳುತ್ತವೆ. "ಇಷ್ಟೊಂದು ಒಂದೇ ದಿನ ಹೇಗೆ?" ಎಂಬ ಬೆರಗಿಗೆ ಅರ್ಧ ಉತ್ತರ ಇಲ್ಲೇ ಇದೆ.

ಇದೇನೂ ಕಟ್ಟುನಿಟ್ಟಿನ ನಿಯಮವಲ್ಲ. ಮಣಿಪುರ, ಮೇಘಾಲಯ, ತ್ರಿಪುರ ರಾಜ್ಯವಾದದ್ದು 1972ರ ಜನವರಿ 21ಕ್ಕೆ. 2000ದ ನವೆಂಬರಿನಲ್ಲಿ ಮೂರು ರಾಜ್ಯ ಹುಟ್ಟಿದವು. ಛತ್ತೀಸ್‌ಗಢ 1ಕ್ಕೆ, ಉತ್ತರಾಖಂಡ 9ಕ್ಕೆ, ಝಾರ್ಖಂಡ್ 15ಕ್ಕೆ. ಝಾರ್ಖಂಡಿನವರ 15 ಬುಡಕಟ್ಟು ಹೋರಾಟಗಾರ ಬಿರ್ಸಾ ಮುಂಡಾ ಹುಟ್ಟಿದ ದಿನ. ಅಲ್ಲಿ ಖಜಾನೆಯ ಅನುಕೂಲಕ್ಕಿಂತ ನೆನಪು ದೊಡ್ಡದಾಯಿತು.

ಇದು ಎರಡನೇ ದಾರಿ. ಹಿಂದೆ ನಡೆದದ್ದರ ನೆನಪಿಗಾಗಿ, ಆಮೇಲಿನವರು ಬೇಕೆಂದೇ ಅದೇ ದಿನ ಹಿಡಿಯುವುದು. 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ ದೇವರಾಜ ಅರಸರ ಸರಕಾರ ಇನ್ನಾವ ದಿನ ಹುಡುಕಬೇಕಿತ್ತು? ನವೆಂಬರ್ ಒಂದೇ ಸರಿ. 17 ವರ್ಷದ ಹಿಂದಿನ ದಿನಕ್ಕೆ ಹೆಸರಿನ ಕಲಶ ಇಟ್ಟ ಹಾಗಾಯಿತು. 1956ರ ಆ ದಿನ ಗುರುವಾರ. 1973ರ ಈ ದಿನವೂ ಗುರುವಾರ. ವಾರ ಕೂಡಿಬಂದದ್ದು ಮಾತ್ರ ಯಾರೂ ಆರಿಸಿದ್ದಲ್ಲ.

ಅದೇ 1973ರ ನವೆಂಬರ್ 1ರಂದು ಇನ್ನೊಂದು ಹೆಸರೂ ಬದಲಾಯಿತು. ಲಕ್ಕದೀವ್, ಮಿನಿಕಾಯ್ ಮತ್ತು ಅಮೀನ್‌ದಿವಿ ಎಂಬ ಉದ್ದದ ಹೆಸರು ಹೋಗಿ ಲಕ್ಷದ್ವೀಪ ಬಂತು. ಅದಕ್ಕೂ ಹುಟ್ಟಿದ ದಿನ ಅದೇ ಆದ್ದರಿಂದ ನಾಮಕರಣಕ್ಕೂ ಅದೇ ದಿನ. 1956ರ ಕಾಯ್ದೆಯಲ್ಲಿ ಕಾಸರಗೋಡಿನ ಜೊತೆ ಒಂದೇ ಸಾಲಿನಲ್ಲಿ "ಬಿಟ್ಟು" ಎಂದು ಬರೆಸಿಕೊಂಡ ದ್ವೀಪಗಳವು. ನನಗೆ ಇದನ್ನು ಓದಿದಾಗಲೆಲ್ಲ ಒಂದೇ ಮನೆಯಿಂದ ಬೇರೆ ಬೇರೆ ಊರಿಗೆ ಮದುವೆಯಾಗಿ ಹೋದ ಅಕ್ಕ-ತಂಗಿಯರ ನೆನಪಾಗುತ್ತದೆ.

ನೆನಪಿನ ದಿನ ಆರಿಸುವಾಗ ಜಗಳವೂ ಬರುತ್ತದೆ. ತಮಿಳುನಾಡಿನಲ್ಲಿ ಕೆಲವರು ನವೆಂಬರ್ 1 ಎನ್ನುತ್ತಾರೆ. ಅಲ್ಲಿನ ಸರಕಾರ 2021ರಲ್ಲಿ ಜುಲೈ 18 ಎಂದಿತು. 1967ರ ಆ ದಿನ ಅಣ್ಣಾದುರೈ ಕಾಲದ ವಿಧಾನಸಭೆ ಮದ್ರಾಸಿಗೆ ತಮಿಳುನಾಡು ಎಂದು ಹೆಸರಿಡುವ ನಿರ್ಣಯ ಮಾಡಿತ್ತು. ರಾಜಸ್ಥಾನಕ್ಕೆ ಅಜ್ಮೀರ್ ಸೇರಿ ಈಗಿನ ರೂಪ ಬಂದದ್ದು 1956ರ ನವೆಂಬರ್ 1ಕ್ಕೇ. ಆದರೆ ಅವರು ಬಹುಕಾಲ ಹಬ್ಬ ಮಾಡುತ್ತಿದ್ದುದು ಮಾರ್ಚ್ 30ಕ್ಕೆ. ಒಂದು ರಾಜ್ಯಕ್ಕೆ ಹುಟ್ಟಿದ ದಿನ ಎಂದು ನಾಲ್ಕೈದು ದಿನ ತೋರಿಸಬಹುದು. ಯಾವುದನ್ನು ಆರಿಸುತ್ತಾರೆ ಎನ್ನುವುದರಲ್ಲಿ ಅವರು ಯಾವುದನ್ನು ಮುಖ್ಯ ಎಂದುಕೊಂಡಿದ್ದಾರೆ ಎಂಬುದು ಗೊತ್ತಾಗುತ್ತದೆ.

ಇನ್ನು ಮೂರನೆಯದು, ಸುಮ್ನೆ ಒಟ್ಟಿಗೆ ಬಂದದ್ದು. ಇಲ್ಲಿ ತುಸು ನಿಧಾನ ಹೋಗಬೇಕು.

ಕಾಸರಗೋಡಿನಿಂದ ರೈಲಿನಲ್ಲಿ ತೆಂಕಕ್ಕೆ ಹೋದರೆ ತಲಶ್ಶೇರಿ ದಾಟಿ ಮಾಹೆ ಸಿಗುತ್ತದೆ. ಫ್ರೆಂಚರ ಕೈಯಲ್ಲಿದ್ದ ಪುಟ್ಟ ಊರು. 1954ರ ಜುಲೈಯಲ್ಲಿ ಅಲ್ಲಿನ ಜನರೇ ಆಡಳಿತ ಕೈಗೆ ತೆಗೆದುಕೊಂಡರು. ಪುದುಚೇರಿ, ಕಾರೈಕಲ್, ಯಾನಂ ಸೇರಿ ನಾಲ್ಕೂ ಊರುಗಳ ಆಡಳಿತ ಭಾರತಕ್ಕೆ ಬಂದದ್ದು 1954ರ ನವೆಂಬರ್ 1ಕ್ಕೆ, ಸೋಮವಾರ. ಯುದ್ಧವಿಲ್ಲದೆ ಸಹಿ ಬಿತ್ತು, ಬಾವುಟ ಬದಲಾಯಿತು. ಅದೇ ದಿನ, ಅದೇ ಫ್ರಾನ್ಸಿನ ಇನ್ನೊಂದು ವಸಾಹತಾದ ಅಲ್ಜೀರಿಯಾದಲ್ಲಿ ರಾಷ್ಟ್ರೀಯ ವಿಮೋಚನಾ ರಂಗದವರು ಹತ್ತಾರು ಕಡೆ ಒಟ್ಟಿಗೆ ದಾಳಿ ಮಾಡಿದರು. ಆ ಯುದ್ಧ 1962ರವರೆಗೆ ಹೋಯಿತು. ಲಕ್ಷಾಂತರ ಜನ ಸತ್ತರು.

ಎರಡೂ ಒಂದೇ ದಿನ. ಪುದುಚೇರಿಯ ಮಾತುಕತೆ ನಡೆಸಿದವರಿಗೂ ಅಲ್ಜೀರಿಯಾದ ಹೋರಾಟಗಾರರಿಗೂ ಸಂಬಂಧವಿಲ್ಲ. ತಾರೀಖು ಕೂಡಿದ್ದು ಕಾಕತಾಳೀಯವೇ. ಆದರೆ ವರ್ಷ? ಅದೇ ಮೇ 7ಕ್ಕೆ ವಿಯೆಟ್ನಾಮಿನ ದಿಯೆನ್ ಬಿಯೆನ್ ಫೂನಲ್ಲಿ ಫ್ರೆಂಚ್ ಸೈನ್ಯ ಸೋತು ಶರಣಾಗಿತ್ತು. ಆ ಸಾಮ್ರಾಜ್ಯದ ಗಂಟು ಸಡಿಲಾಗಿತ್ತು. ಒಂದು ಕಡೆ ಮಾತುಕತೆಯಲ್ಲಿ ಬಿಟ್ಟುಕೊಟ್ಟರು, ಇನ್ನೊಂದು ಕಡೆ ಬಂದೂಕು ಎದ್ದಿತು. ಹಾಗಾಗಿ 1954 ಎನ್ನುವುದು ಕಾಕತಾಳೀಯ ಅಲ್ಲ. ಒಂದೇ ದಿನದ ಘಟನೆಗಳನ್ನು ನೋಡುವಾಗ ನಾನು ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಿಕೊಳ್ಳುತ್ತೇನೆ. ಆ ವರ್ಷವೇ ಏಕೆ? ಇದಕ್ಕೆ ಉತ್ತರ ಸಾಮಾನ್ಯವಾಗಿ ಇತಿಹಾಸದಲ್ಲಿ ಸಿಗುತ್ತದೆ. ಆ ದಿನವೇ ಏಕೆ? ಇದಕ್ಕೆ ದಿನ ಆರಿಸಿದವರನ್ನು ಹುಡುಕಬೇಕು. ಆರಿಸಿದವರು ಯಾರೂ ಇಲ್ಲದಿದ್ದರೆ ಅಲ್ಲಿಗೆ ಬಿಡಬೇಕು.

ಅಲ್ಜೀರಿಯಾದವರ ಮಟ್ಟಿಗೆ ದಿನ ಆರಿಸಿದ್ದು ನಿಜ. ನವೆಂಬರ್ 1 ಕೆಥೋಲಿಕರಿಗೆ ಸಕಲ ಸಂತರ ಹಬ್ಬ. ಫ್ರೆಂಚರಿಗೆ ರಜೆ. ನಮ್ಮ ಬೇಳ, ಮಂಜೇಶ್ವರ ಕಡೆಯ ಕೊಂಕಣಿ ಕ್ರೈಸ್ತರನ್ನು ಕೇಳಿದರೂ ಈ ದಿನ ಗೊತ್ತು. ಮರುದಿನ, ನವೆಂಬರ್ 2, ಸತ್ತವರನ್ನು ನೆನೆಯುವ ದಿನ. ಇಗರ್ಜಿಯ ಪಕ್ಕದ ಗೋರಿಗಳನ್ನು ತೊಳೆದು, ಹೂವಿಟ್ಟು, ಮೊಂಬತ್ತಿ ಹಚ್ಚುತ್ತಾರೆ.

ಆ ಮೊಂಬತ್ತಿಗಳು ಒಂದು ಊರನ್ನೇ ಸುಟ್ಟ ಕತೆಯೂ ಇದೇ ತಾರೀಖಿನದು. 1755ರ ನವೆಂಬರ್ 1ರ ಬೆಳಿಗ್ಗೆ ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಭಾರಿ ಭೂಕಂಪವಾಯಿತು. ಹಬ್ಬದ ಪೂಜೆಗೆ ಇಗರ್ಜಿಗಳು ತುಂಬಿದ್ದವು. ಕಟ್ಟಡಗಳು ಜನರ ಮೇಲೇ ಬಿದ್ದವು. ಹಚ್ಚಿಟ್ಟಿದ್ದ ಮೊಂಬತ್ತಿ, ಅಡುಗೆ ಒಲೆಗಳಿಂದ ಬೆಂಕಿ ಹಬ್ಬಿ ದಿನಗಟ್ಟಲೆ ಉರಿಯಿತು. ಓಡಿ ನದೀದಂಡೆಗೆ ಬಂದವರ ಮೇಲೆ ಸುನಾಮಿಯ ಅಲೆ ಬಂತು. ಸತ್ತವರು ಹತ್ತಾರು ಸಾವಿರ. ಭೂಮಿಗೆ ಹಬ್ಬ ಗೊತ್ತಿಲ್ಲ. ನೆಲ ನಡುಗಿದ್ದು ಅದರ ಪಾಡಿಗೆ. ಆದರೆ ಸಾವು ಅಷ್ಟು ಹೆಚ್ಚಿದ್ದರಲ್ಲಿ ಆ ದಿನಕ್ಕೆ ಪಾಲಿದೆ. ದಿನ ಕೂಡಿಬಂದದ್ದು ಆಕಸ್ಮಿಕ, ಕೂಡಿಬಂದದ್ದರ ಪರಿಣಾಮ ಆಕಸ್ಮಿಕವಲ್ಲ.

ಕಾಕತಾಳೀಯ ಎಷ್ಟು ಸುಲಭವಾಗಿ ಆಗುತ್ತದೆ ಎಂದು ತಿಳಿಯಲು ಶಾಲೆಯ ಹಾಜರಿ ಪುಸ್ತಕ ಸಾಕು. ಒಂದು ತರಗತಿಯಲ್ಲಿ 23 ಮಕ್ಕಳಿದ್ದರೆ, ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ತುಸು ಜಾಸ್ತಿ. 40 ಮಕ್ಕಳಿದ್ದರೆ ಸುಮಾರು ಶೇಕಡಾ 89. ನಂಬುವುದು ಕಷ್ಟ, ಅಲ್ವಾ? ನಾವು 23 ಮಕ್ಕಳನ್ನು 365 ದಿನಕ್ಕೆ ಹೋಲಿಸುತ್ತೇವೆ, ಅಲ್ಲೇ ಎಡವುತ್ತೇವೆ. ಎಣಿಸಬೇಕಾದದ್ದು ಜೋಡಿಗಳನ್ನು. ಮೊದಲ ಮಗುವಿಗೆ 22 ಜೊತೆ, ಎರಡನೆಯದಕ್ಕೆ ಇನ್ನು 21, ಹೀಗೆ ಕೂಡಿಸುತ್ತಾ ಹೋದರೆ 23 ಮಕ್ಕಳಲ್ಲಿ 253 ಜೋಡಿ. ಪ್ರತಿ ಜೋಡಿಗೂ ಒಂದು ಅವಕಾಶ. ಇತಿಹಾಸದಲ್ಲಿ ನಾವು ನೆನಪಿಟ್ಟ ಘಟನೆಗಳು ಸಾವಿರಾರು. ಅವುಗಳ ಜೋಡಿಗಳು ಲಕ್ಷಗಟ್ಟಲೆ. ಕೂಡುವ ತಾರೀಖುಗಳು ಇಲ್ಲದಿದ್ದರೇ ಆಶ್ಚರ್ಯಪಡಬೇಕಿತ್ತು.

ಆದರೂ ಮನಸ್ಸು ಕೇಳುವುದಿಲ್ಲ. ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿ ತೀರಿಕೊಂಡದ್ದು 2015ರ ಆಗಸ್ಟ್ 9ಕ್ಕೆ. 1942ರ ಆಗಸ್ಟ್ 9ರ ಬೆಳಗಿನ ಜಾವ ಗಾಂಧೀಜಿಯನ್ನು ಬಂಧಿಸಿದ್ದರು, ಕ್ವಿಟ್ ಇಂಡಿಯಾ ದೇಶದ ತುಂಬ ಹೊತ್ತಿಕೊಂಡ ದಿನ. ಸ್ವಾತಂತ್ರ್ಯ ಹೋರಾಟದಲ್ಲಿದ್ದವರು, ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಲು ಜೀವಮಾನವಿಡೀ ದುಡಿದವರು ಆ ದಿನವೇ ಹೋದರು ಎಂದು ಅವತ್ತು ಇಲ್ಲಿ ಎಷ್ಟೋ ಜನ ಮಾತಾಡಿಕೊಂಡರು. ನಾನೂ ಹೇಳಿದೆ. ಅದು ಕಾಕತಾಳೀಯ ಎಂದು ಗೊತ್ತಿದ್ದೂ ಹೇಳಿದೆ. ಅದೇ ಆಗಸ್ಟ್ 9 ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದ ದಿನವೂ ಹೌದು. ಅದನ್ನು ಯಾರೂ ನೆನೆಯಲಿಲ್ಲ. ನಮಗೆ ಬೇಕಾದ ಜೋಡಿಯನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತೇವೆ. ಪ್ರೀತಿ ಇರುವ ಕಡೆ ಹೀಗೆ ಆಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಕಾರಣ ಎಂದು ಬರೆಯಬಾರದು, ಅಷ್ಟೆ.

ಇಷ್ಟು ಹೊತ್ತು "ಒಂದೇ ದಿನ" ಎಂದು ಸಲೀಸಾಗಿ ಹೇಳಿದೆ. ಅದೂ ಅಷ್ಟು ಸಲೀಸಲ್ಲ.

ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಸೆರ್ವಾಂಟಿಸ್ ಇಬ್ಬರೂ ತೀರಿಕೊಂಡದ್ದು 1616ರ ಏಪ್ರಿಲ್ 23ಕ್ಕೆ ಎಂದು ಹೇಳುವುದುಂಟು. ಆದರೆ ಸ್ಪೇನ್ 1582ರಲ್ಲೇ ಪೋಪ್ ಗ್ರೆಗೊರಿಯ ಹೊಸ ಕ್ಯಾಲೆಂಡರಿಗೆ ಬದಲಾಗಿತ್ತು. ಅಕ್ಟೋಬರ್ 4ರ ಮರುದಿನವನ್ನೇ 15 ಎಂದು ಕರೆದು ಹತ್ತು ದಿನ ಹಾರಿಸಿದ್ದರು. ಇಂಗ್ಲೆಂಡ್ 1752ರವರೆಗೆ ಹಳೆಯದನ್ನೇ ಹಿಡಿದುಕೊಂಡಿತ್ತು. ಹಾಗಾಗಿ ಸ್ಪೇನಿನ ಏಪ್ರಿಲ್ 23 ಮತ್ತು ಇಂಗ್ಲೆಂಡಿನ ಏಪ್ರಿಲ್ 23ರ ನಡುವೆ ಹತ್ತು ದಿನ. ಗೋಡೆಯ ಮೇಲೆ ಒಂದೇ ಅಂಕಿ, ಸೂರ್ಯ ಮಾತ್ರ ಹತ್ತು ಸಲ ಹುಟ್ಟಿ ಮುಳುಗಿದ್ದಾನೆ.

ಒಂದೇ ಕ್ಷಣಕ್ಕೆ ಎರಡು ತಾರೀಖು ಬರುವುದೂ ಉಂಟು. ಅಮೆರಿಕ ಪೆಸಿಫಿಕ್ ಸಾಗರದ ಎನೆವೆಟಾಕ್‌ನಲ್ಲಿ ಮೊದಲ ಹೈಡ್ರೋಜನ್ ಬಾಂಬು ಸಿಡಿಸಿದಾಗ ಅಲ್ಲಿ 1952ರ ನವೆಂಬರ್ 1, ಬೆಳಿಗ್ಗೆ ಏಳೂಕಾಲು. ನಮ್ಮಲ್ಲಿ ನವೆಂಬರ್ 1 ಶುರುವಾಗಿ ಮುಕ್ಕಾಲು ಗಂಟೆ. ವಾಷಿಂಗ್ಟನ್ನಿನಲ್ಲಿ ಇನ್ನೂ ಅಕ್ಟೋಬರ್ 31.

ಅಷ್ಟು ದೂರ ಯಾಕೆ. ನಮ್ಮ ಚಿಕ್ಕಮ್ಮನ ಮಗ ಹುಟ್ಟಿದ್ದು ಬೆಳಗಿನ ಜಾವ 3 ಗಂಟೆಗೆ. ಆಸ್ಪತ್ರೆಯ ಚೀಟಿಯಲ್ಲಿ ಗುರುವಾರ. ಜಾತಕದಲ್ಲಿ ಬುಧವಾರ. ಇಬ್ಬರೂ ಸರಿಯಾಗಿಯೇ ಬರೆದಿದ್ದಾರೆ. ಆಸ್ಪತ್ರೆಯ ದಿನ ನಡುರಾತ್ರಿಗೆ ಬದಲಾಗುತ್ತದೆ. ಪಂಚಾಂಗದ ವಾರ ಸೂರ್ಯ ಹುಟ್ಟಿದ ಮೇಲೆ ಬದಲಾಗುತ್ತದೆ.

ಇನ್ನು ತಿಥಿಯ ವಿಷಯ. 1956ರ ನವೆಂಬರ್ 2 ದೀಪಾವಳಿ ಅಮಾವಾಸ್ಯೆ. ಅಂದರೆ ಏಕೀಕರಣದ ದಿನ ಬಂದದ್ದು ದೀಪಾವಳಿಯ ಗಡಿಬಿಡಿಯ ನಡುವೆ. ಅವತ್ತೇ ಯಾರಾದರೂ "ರಾಜ್ಯೋತ್ಸವವನ್ನು ತಿಥಿಯ ಪ್ರಕಾರ ಆಚರಿಸೋಣ" ಎಂದಿದ್ದರೆ ಅದು ಈಗ ಪ್ರತಿ ವರ್ಷ ದೀಪಾವಳಿಯ ಜೊತೆಗೇ ಅಕ್ಟೋಬರ್-ನವೆಂಬರಿನಲ್ಲಿ ಹಿಂದೆ ಮುಂದೆ ಸರಿಯುತ್ತಿತ್ತು. ಚಂದ್ರನ ತಿಂಗಳು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳಿಗೆ 354. ವರ್ಷಕ್ಕೆ 11 ದಿನ ಕಡಿಮೆ ಬೀಳುತ್ತದೆ. ಅದನ್ನು ಸರಿದೂಗಿಸಲು ಅಧಿಕ ಮಾಸ. ಸುಮಾರು 19 ವರ್ಷಕ್ಕೊಮ್ಮೆ ತಿಥಿ ಮತ್ತು ತಾರೀಖು ಒಂದೆರಡು ದಿನದ ಹೆಚ್ಚುಕಡಿಮೆಯಲ್ಲಿ ಮತ್ತೆ ಭೇಟಿಯಾಗುತ್ತವೆ. ಮೂರು ಸುತ್ತು ಕಳೆದು, 2013ರಲ್ಲಿ ದೀಪಾವಳಿ ಅಮಾವಾಸ್ಯೆ ನವೆಂಬರ್ 3ಕ್ಕೆ ಬಂತು.

ಇಂಥ ಲೆಕ್ಕದಲ್ಲಿ ಮುಳುಗಿದ್ದವರೊಬ್ಬರು ನಮ್ಮ ಮಂಜೇಶ್ವರದಲ್ಲೇ ಇದ್ದರು. ರಾಷ್ಟ್ರಕವಿ ಗೋವಿಂದ ಪೈಗಳು. ಜನ ಅವರನ್ನು ಕವಿ ಎಂದು ನೆನೆಯುತ್ತಾರೆ. ಆದರೆ ಬುದ್ಧ, ಮಹಾವೀರರ ಕಾಲ ಯಾವುದು, ಹಳೆಯ ಕನ್ನಡ ಕವಿಗಳ ಕಾಲ ಯಾವುದು ಎಂದು ಹುಡುಕುವುದರಲ್ಲೂ ಅವರು ವರ್ಷಗಟ್ಟಲೆ ಕಳೆದರು. ಹಳೆಯ ಶಾಸನದಲ್ಲಿ ಜನವರಿ, ಫೆಬ್ರವರಿ ಇರುವುದಿಲ್ಲ. ಶಕ ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇರುತ್ತದೆ. 1956ರ ಆ ದಿನವನ್ನು ಕಲ್ಲಿನಲ್ಲಿ ಕೆತ್ತಿದ್ದರೆ "ಶಕ ವರ್ಷ 1878ನೆಯ ದುರ್ಮುಖಿ ಸಂವತ್ಸರದ ಆಶ್ವಯುಜ ಬಹುಳ, ಗುರುವಾರದಂದು" ಎಂದು ಇರುತ್ತಿತ್ತು. ಸಂಶೋಧಕರು ಮೊದಲು ಶಕಕ್ಕೆ 78 ಕೂಡಿಸಿ ವರ್ಷ ಹಿಡಿಯುತ್ತಾರೆ. 60 ವರ್ಷದ ಚಕ್ರದಲ್ಲಿ ಸಂವತ್ಸರ ತಾಳೆಯಾಗುತ್ತದೆಯೇ ನೋಡುತ್ತಾರೆ. ಆಮೇಲೆ ತಿಥಿ ಮತ್ತು ವಾರ. ವಾರ ಏಳರಲ್ಲಿ ಒಂದು. ಸುಮ್ನೆ ಬರೆದದ್ದಾದರೆ ಏಳರಲ್ಲಿ ಆರು ಸಲ ಸಿಕ್ಕಿಬೀಳುತ್ತದೆ. ಎಷ್ಟೋ ನಕಲಿ ಶಾಸನಗಳ ಮೇಲೆ ಅನುಮಾನ ಹುಟ್ಟುವುದು ಹೀಗೆಯೇ.

ನಮ್ಮ ತುಳುನಾಡಿನ ದಿನನಿತ್ಯದ ಲೆಕ್ಕ ಮಾತ್ರ ಚಂದ್ರನದ್ದಲ್ಲ, ಸೂರ್ಯನದ್ದು. ಪಗ್ಗು, ಬೇಶ, ಕಾರ್ತೆಲ್, ಆಟಿ. ಮಲಯಾಳದವರ ಮೇಡಂ, ಇಡವಂ ಕೂಡ ಅದೇ ಸೂರ್ಯನ ತಿಂಗಳು. ನವೆಂಬರ್ 1 ನಮಗೆ ಬೊಂತೇಲ್‌ನ ನಡುವೆ, ಅವರಿಗೆ ತುಲಾಂನ ನಡುವೆ. ಸೂರ್ಯನ ತಿಂಗಳಾದ್ದರಿಂದ ಇಂಗ್ಲಿಷ್ ತಾರೀಖಿನ ಜೊತೆ ಒಂದು ದಿನ ಆಚೆ-ಈಚೆ ಬಿಟ್ಟರೆ ಕದಲುವುದಿಲ್ಲ. ತುಲಾಂ ಹತ್ತಕ್ಕೆ ನೀಲೇಶ್ವರದ ಕಡೆ ತೆಯ್ಯಂ ಎಂಬ ದೈವಾರಾಧನೆಯ ಕಾಲ ಶುರು. ಬೇಶ ಹತ್ತಕ್ಕೆ ಪತ್ತನಾಜೆ. ಕೋಲ-ನೇಮ, ಜಾತ್ರೆಗಳು ನಿಲ್ಲುವ ದಿನ, ಯಕ್ಷಗಾನದ ಮೇಳದವರು ಗೆಜ್ಜೆ ಬಿಚ್ಚುವ ದಿನ. ಸಾಮಾನ್ಯವಾಗಿ ಮೇ 24 ಅಥವಾ 25.

ಆ ತಾರೀಖನ್ನು ಕೇಳಿದಾಗ ನನಗೆ ಇನ್ನೊಂದು ನೆನಪಾಗುತ್ತದೆ. 1956ರ ನವೆಂಬರಿನಲ್ಲಿ ಕಾಸರಗೋಡು ಸೇರಿದ್ದು ಮಲಬಾರ್ ಜಿಲ್ಲೆಗೆ. ಎರಡೇ ತಿಂಗಳಿಗೆ, 1957ರ ಜನವರಿ 1ಕ್ಕೆ, ಮಲಬಾರ್ ಮೂರು ಹೋಳಾಗಿ ನಾವು ಕಣ್ಣೂರು ಜಿಲ್ಲೆಯವರಾದೆವು. ಆ ವರ್ಷದ ಚುನಾವಣೆಯಲ್ಲಿ ನಮ್ಮ ಹಳೆಯ ತಾಲೂಕಿನ ದಕ್ಷಿಣದ ನೀಲೇಶ್ವರದಿಂದ ಗೆದ್ದ ಇ.ಎಂ.ಎಸ್. ನಂಬೂದಿರಿಪಾಡ್ ಏಪ್ರಿಲ್ 5ಕ್ಕೆ ಕೇರಳದ ಮೊದಲ ಮುಖ್ಯಮಂತ್ರಿಯಾದರು. ಉತ್ತರ ತುದಿಯ ಮಂಜೇಶ್ವರದಿಂದ ಪಕ್ಷೇತರರಾಗಿ ನಿಂತ ಉಮೇಶ ರಾಯರು ಅವಿರೋಧವಾಗಿ ಆರಿಸಿಬಂದರು. ಒಂದೇ ತಾಲೂಕಿನ ಎರಡು ತುದಿ, ಎರಡು ಮನಸ್ಸು. 1967ರಲ್ಲಿ, ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಹೇಳಿತು. ಅದು ವರದಿಯಾಗಿಯೇ ಉಳಿಯಿತು. ಕಾಸರಗೋಡು ತನ್ನದೇ ಜಿಲ್ಲೆಯಾದದ್ದು 1984ರಲ್ಲಿ. ತಾರೀಖು ಮೇ 24, ಪತ್ತನಾಜೆಯ ಹೊತ್ತು. ಊರವರು ಗೆಜ್ಜೆ ಬಿಚ್ಚಿಡುವ ಹೊತ್ತಿಗೆ ಹೊಸ ಜಿಲ್ಲೆಯ ಬೋರ್ಡು ಏರಿತು. ಇದಂತೂ ಪೂರ್ತಿ ಆಕಸ್ಮಿಕ.

ನಮ್ಮ ಕನ್ನಡ ಕ್ಯಾಲೆಂಡರಿನ ಮೇ ಹಾಳೆಯಲ್ಲಿ ಪತ್ತನಾಜೆ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಜಿಲ್ಲೆ ಹುಟ್ಟಿದ್ದು ಎರಡೂ ಕ್ಯಾಲೆಂಡರಿನಲ್ಲಿ ಇಲ್ಲ. ಆ ಚೌಕದಲ್ಲಿ ನಾನು ಪೆನ್ನಿನಿಂದ 1984 ಎಂದು ಬರೆದಿಡುತ್ತೇನೆ. ಕನ್ನಡದ್ದರಲ್ಲಿ ಕನ್ನಡ ಅಂಕಿಯಲ್ಲಿ, ಮಲಯಾಳದ್ದರಲ್ಲಿ ಇಂಗ್ಲಿಷ್ ಅಂಕಿಯಲ್ಲಿ.